ಅರ್ಧ ಸಾಲು ಮುಂಚೆ

ಕಪಾಟಿನ ಬೀಗ ಒಡೆದಿರಲಿಲ್ಲ. ಬಾಗಿಲು ಮುಚ್ಚಿಕೊಂಡೇ ಇತ್ತು. ಆದರೆ ಒಳಗೆ ನಾಲ್ಕು ಡಬ್ಬಿಗಳಿರಬೇಕಾದ ಕಡೆ ಮೂರೇ ಇದ್ದವು.

ಎಡಿಟರ್ ಆ ಖಾಲಿ ಜಾಗವನ್ನು ಕೈಯಿಂದ ಸವರಿ ನೋಡಿದಳು, ಕಣ್ಣಿಗೆ ಕಾಣದಿದ್ದದ್ದು ಬೆರಳಿಗಾದರೂ ಸಿಕ್ಕೀತು ಎನ್ನುವಂತೆ. ಸಿಗಲಿಲ್ಲ.

"ಬೀಗದ ಕೈ ನಿಮ್ಮ ಹತ್ರಾನೇ ತಾನೇ ಇದ್ದದ್ದು?" ಎಂದರು ನಿರ್ಮಾಪಕರು. "ಸಂಜೆಯೊಳಗೆ ಡಬ್ಬಿ ಬರ್ಬೇಕು. ಇಲ್ದಿದ್ರೆ ನೀವು ಮನೆಗೆ, ನಾನು ಪೊಲೀಸ್ ಸ್ಟೇಷನ್‌ಗೆ."

ಅಷ್ಟರಲ್ಲಿ ಯಾರೋ ಅಕ್ಕನ ಹೆಸರು ಸೂಚಿಸಿದ್ದರಿಂದ ನಮಗೆ ಫೋನು ಬಂತು. ಪೊಲೀಸ್ ಇಲಾಖೆಯಿಂದ ನಿವೃತ್ತಳಾದ ಮೇಲೆ ಅಕ್ಕ ಇಂಥ ಖಾಸಗಿ ವಿಚಾರಣೆಗಳನ್ನು ಮಾಡಿಕೊಡುತ್ತಾಳೆ. ನಾನು ಅವಳ ತಮ್ಮ, ಜೊತೆಗೆ ಹೋಗುತ್ತೇನೆ. ಅವಳು ನೋಡುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಅಜ್ಜ ರಾಗವಾಗಿ ಹೇಳುತ್ತಿದ್ದ ದೇವರ ಪದ್ಯಗಳ ನಡುವೆ ಬೆಳೆದವರು ನಾವು. ನನಗೆ ಅದರಿಂದ ಉಳಿದದ್ದು ಕಿವಿಯೊಂದೇ. ರಾಕ್ ಸಂಗೀತಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಹೋದ ಮೇಲೆ ವಿಷಯ ತಿಳಿಯಿತು. ಮೂವರ ರಾಕ್ ತಂಡ. ಹಾಡುತ್ತ ಗಿಟಾರ್ ನುಡಿಸುವವರು ಅಣ್ಣ, ಬೇಸ್ ಗಿಟಾರ್ ತಮ್ಮನದು, ಡ್ರಮ್ಸ್ ಅವರ ಬಾಲ್ಯದ ಗೆಳೆಯನದು. ತಲೆ ನರೆತರೂ ವೇದಿಕೆ ಬಿಟ್ಟವರಲ್ಲ. ಮೊನ್ನೆ ನಡೆದ ಅವರ ಕಛೇರಿ ಮನೆಯಲ್ಲಿ ನೋಡುವ ಡಿಸ್ಕ್ ಆಗಿ ಹೊರಬರಬೇಕಿತ್ತು. ನಾಲ್ಕು ಕ್ಯಾಮೆರಾ, ಒಂದೊಂದರ ಚಿತ್ರಕ್ಕೆ ಒಂದೊಂದು ಡಬ್ಬಿ. ಮೂಲವೂ ಪ್ರತಿಯೂ ಅದರಲ್ಲೇ. ದನಿ ಬೇರೆಯೇ ದಾಖಲಾಗಿತ್ತು, ಅದು ಭದ್ರವಾಗಿತ್ತು. ಕಾಣೆಯಾದದ್ದು ನಾಲ್ಕನೇ ಕ್ಯಾಮೆರಾದ ಡಬ್ಬಿ.

"ಅದರಲ್ಲಿ ಏನಿತ್ತು?" ಅಕ್ಕ ಎಡಿಟರನ್ನು ಕೇಳಿದಳು.

"ಬೇಸ್ ನುಡಿಸೋ ಸರ್ ಮುಖ. ಬರೀ ಮುಖ."

"ನೀವು ನೋಡಿದ್ರಾ?"

"ಚೂರು. ಅದರಲ್ಲೇ ಒಂದು ತುಣುಕು ಮಾಡಿ ನಿನ್ನೆ ಮೂವರಿಗೂ ದೊಡ್ಡ ಪರದೇಲಿ ತೋರಿಸಿದ್ವಿ. ಕೊನೇ ಹಾಡು. ಅಣ್ಣ ಹಾಡ್ತಾ ಇದ್ರೆ ತಮ್ಮನ ತುಟಿನೂ ಆಡ್ತಾ ಇದೆ. ನಿರ್ಮಾಪಕರಿಗೆ ಕಣ್ಣಲ್ಲಿ ನೀರು ಬಂತು. ಇಡೀ ಹಾಡಿಗೆ ಈ ಮುಖಾನೇ ಇಡಿ ಅಂದ್ರು."

"ಬೀಗದ ಕೈ?"

ಅವಳು ನಾಚಿಕೆಯಿಂದ ಕಾಫಿ ಯಂತ್ರದ ಪಕ್ಕದ ಮೊಳೆ ತೋರಿಸಿದಳು. "ನನ್ನ ಹತ್ರ ಇರ್ಬೇಕು, ನಿಜ. ಆದ್ರೆ ಅಲ್ಲೇ ತಗಲಾಕ್ತೀನಿ. ಎಲ್ರಿಗೂ ಗೊತ್ತು. ಮೇಡಂ, ನಾನು ತಗೊಂಡಿಲ್ಲ. ಈ ಕೆಲಸ ಹೋದ್ರೆ ಕಳ್ಳಿ ಅನ್ನೋ ಹೆಸರಿಟ್ಕೊಂಡು ಇನ್ನೆಲ್ಲಿಗೆ ಹೋಗ್ಲಿ?"

ಅಕ್ಕ ಅವಳ ಹೆಗಲು ತಟ್ಟಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮೂರನೇ ಕ್ಯಾಮೆರಾ ಯಾರ ಮೇಲೆ?" ಎಂದಳು.

"ಡ್ರಮ್ಸ್ ಮೇಲೆ."

ಡ್ರಮ್ಸ್‌ನವರು ಪಕ್ಕದ ಕೋಣೆಯ ಸೋಫಾದಲ್ಲಿ ಕಾಲು ಚಾಚಿ ಕುಳಿತಿದ್ದರು. ಎಲ್ಲರೂ ಅವರನ್ನು ಕರೆಯುವುದು ಗುಡುಗಪ್ಪ ಎಂದೇ.

"ಡಿಸ್ಕ್ ಬೇಡ ಅಂತ ನಿನ್ನೆ ಕೂಗಾಡಿದ್ರಂತೆ?" ಎಂದಳು ಅಕ್ಕ.

"ಕೂಗಾಡಿದೆ. ಏನೀಗ? ಮೂರನೇ ಹಾಡಲ್ಲಿ ಕೈಯಿಂದ ಕೋಲು ಜಾರಿ ಬಿತ್ತು. ನನ್ನ ಮೊಮ್ಮಗಳು ಅದನ್ನ ನೂರು ಸಲ ಹಿಂದೆ ಮುಂದೆ ಓಡಿಸಿ ನಗ್ಬೇಕಾ?"

"ಹಾಗಾದ್ರೆ ಕದಿಯೋಕೆ ನಿಮಗೆ ಕಾರಣ ಇತ್ತು."

"ಇತ್ತು ತಾಯಿ, ಧಾರಾಳವಾಗಿ ಇತ್ತು. ಕದ್ದಿದ್ರೆ ನನ್ನ ಡಬ್ಬಿ ಕದೀತಿದ್ದೆ. ಆ ಮೌನಿ ಮುಖ ಕದ್ದು ನಾನೇನು ಪೂಜೆ ಮಾಡ್ಲಾ?"

ಮೌನಿ ಎಂದರೆ ಬೇಸ್ ನುಡಿಸುವ ತಮ್ಮ. ಅಕ್ಕ ನಕ್ಕಳು. "ಅವರು ಜೊತೆಗೆ ಹಾಡ್ತಾರಂತಲ್ಲ?"

"ಯಾರು, ಅವನಾ? ಅವನಿಗೂ ನನಗೂ ಹಾಡಿನ ಒಂದು ಸಾಲೂ ಬಾಯಿಗೆ ಬರಲ್ಲ. ನಾವು ಎಣಿಸೋರು. ಒಂದು, ಎರಡು, ಮೂರು, ನಾಲ್ಕು — ಜೀವನ ಪೂರ್ತಿ ಅಷ್ಟೇ ಲೆಕ್ಕ. ಮಾತೆಲ್ಲ ಯಜಮಾನಂದು. ತುಟಿ ಆಡ್ಸಿದ್ರೆ ಎಣಿಸ್ತಿದ್ದಾನೆ ಅಂತ."

ಆ ಯಜಮಾನರು, ಅಂದರೆ ಹಾಡುವ ಅಣ್ಣ, ಕಿಟಕಿಯ ಬಳಿ ಕುಳಿತಿದ್ದರು. ಪಕ್ಕದಲ್ಲೇ ಮೌನಿ. ಅಣ್ಣನ ಮಡಿಲಲ್ಲಿ ತಂತಿಯಿಲ್ಲದ ಹಳೆಯ ಗಿಟಾರ್; ಬೆರಳುಗಳು ಬರಿಯ ಮರದ ಮೇಲೆ ಓಡಾಡುತ್ತಿದ್ದವು.

"ಬನ್ನಿ ಬನ್ನಿ. ಕಾಫಿ ಆಯ್ತಾ?" ಎಂದರು.

"ಆಯ್ತು" ಎಂದಳು ಅಕ್ಕ. "ನಿನ್ನೆ ತುಣುಕು ನೋಡಿದ ಮೇಲೆ ಎಲ್ಲಿಗೆ ಹೋದ್ರಿ?"

ಅವರು ತಮ್ಮನ ಕಡೆ ತಿರುಗಿದರು.

"ಇಬ್ರೂ ಮನೆಗೆ ಹೋದ್ವಿ" ಎಂದ ಮೌನಿ. "ಅಲ್ವಾ ಅಣ್ಣ?"

"ಹೌದು. ಇಬ್ರೂ ಮನೆಗೆ ಹೋದ್ವಿ."

"ಡಬ್ಬಿ ಯಾರು ತಗೊಂಡಿರಬಹುದು ಅನ್ಸತ್ತೆ?"

"ಯಾರೋ ಅಭಿಮಾನಿ ಇರ್ಬೇಕು" ಎಂದ ಮೌನಿ, ನೆಲ ನೋಡುತ್ತ. "ಹೋದ್ರೆ ಹೋಗ್ಲಿ ಬಿಡಿ. ಉಳಿದ ಮೂರರಲ್ಲೇ ಕೆಲಸ ಆಗುತ್ತೆ."

"ಆ ಹೆಣ್ಣುಮಗಳ ಕೆಲಸ ಹೋಗುತ್ತೆ."

ಅಣ್ಣ ನಮ್ಮನ್ನು ನೋಡಿ ಪ್ರೀತಿಯಿಂದ ಕೇಳಿದರು: "ನಿಂತೇ ಇದ್ದೀರಲ್ಲ! ಕಾಫಿ ಆಯ್ತಾ?"

ಎಡಿಟಿಂಗ್ ಕೋಣೆಗೆ ಹಿಂದಿರುಗಿದ ಅಕ್ಕ ಒಂದನೇ ಕ್ಯಾಮೆರಾದ ಚಿತ್ರ ಕೇಳಿದಳು. ಅದು ಇಡೀ ವೇದಿಕೆಯನ್ನು ದೂರದಿಂದ ಹಿಡಿದದ್ದು. ಕೊನೆಯ ಹಾಡು ಮೊದಲಾಯಿತು. ದನಿ ಗಾಜಿನ ಪುಡಿ ಬೆರೆಸಿದಂತಿದ್ದರೂ ಅದರಲ್ಲಿ ಭಕ್ತಿಯಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

"ಅಕ್ಕ, ಒಂದು ವಿಷಯ" ಎಂದೆ. "ಉಸಿರು ತಗೊಳ್ಳೋಕೆ ಇಷ್ಟು ಹೊತ್ತು ಬೇಡ. ಪ್ರತಿ ಸಾಲಿನ ಮುಂದೆ ಏನನ್ನೋ ಕಾಯ್ತಾರೆ. ಅದು ಬಂದ ಮೇಲೆ ಹಾಡ್ತಾರೆ."

ಅಕ್ಕ ದನಿಯನ್ನು ಪೂರ್ತಿ ಇಳಿಸಿದಳು. ಪರದೆಯ ಮೇಲೆ ಅಣ್ಣನ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಕಾಣುತ್ತಿದ್ದ ಮೌನಿಯನ್ನು ದೊಡ್ಡದು ಮಾಡಿಸಿದಳು. ಚಿತ್ರ ಮಸುಕಾಯಿತು, ಆದರೆ ತುಟಿ ಕಂಡಿತು.

"ಇವರ ಹಳೇ ಕಛೇರಿಯ ವಿಡಿಯೋ ಏನಾದ್ರೂ ಇದೆಯಾ?"

ಒಂದು ಹಳೆಯ ಕ್ಯಾಸೆಟ್ ಸಿಕ್ಕಿತು. ಅದರಲ್ಲಿ ಮೂವರಿಗೂ ಕಪ್ಪು ಕೂದಲು. ಮೌನಿ ಹಿಂದೆ, ಡ್ರಮ್ಸ್‌ಗೆ ಅಂಟಿಕೊಂಡು ನಿಂತಿದ್ದ. ಹಾಡು ಮುಗಿಯುವವರೆಗೂ ಬಾಯಿಗೆ ಬೀಗ.

"ಎಲ್ರನ್ನೂ ಕರೀರಿ" ಎಂದಳು ಅಕ್ಕ. ಸ್ವಲ್ಪ ಯೋಚಿಸಿ, "ಯಜಮಾನರು ಅಲ್ಲೇ ಕೂತಿರ್ಲಿ" ಎಂದೂ ಸೇರಿಸಿದಳು.

ಎಲ್ಲರೂ ಬಂದರು. ಕೋಣೆ ಚಿಕ್ಕದು, ಗುಡುಗಪ್ಪ ಬಾಗಿಲಿಗೊರಗಿ ನಿಂತರು.

"ದುಡ್ಡಿಗೆ ಕದ್ದಿದ್ರೆ ನಾಲ್ಕೂ ಹೋಗ್ಬೇಕಿತ್ತು" ಎಂದಳು ಅಕ್ಕ. "ಡಿಸ್ಕ್ ನಿಲ್ಲಿಸೋಕೆ ಆದ್ರೆ ದನಿ ಹೋಗ್ಬೇಕಿತ್ತು. ಕೋಲು ಬಿದ್ದ ಅವಮಾನಕ್ಕೆ ಆದ್ರೆ ಮೂರನೇದು. ಹೋಗಿದ್ದು ಒಂದು ಮುಖ. ಅಂದ್ರೆ ಆ ಮುಖದಲ್ಲಿ ಏನೋ ಇತ್ತು. ನಿನ್ನೆ ನೀವೆಲ್ಲ ನೋಡಿದ್ರಿ, ಆದ್ರೆ ಗಮನಿಸ್ಲಿಲ್ಲ."

"ಜೊತೆಗೆ ಹಾಡ್ತಿದ್ದ ಅಷ್ಟೇ!" ಎಂದರು ನಿರ್ಮಾಪಕರು.

"ಜೊತೆಗಾ? ಸರಿಯಾಗಿ ನೋಡಿ. ಅಣ್ಣ ಹಾಡುವಾಗ ಈ ತುಟಿ ಮುಚ್ಚಿದೆ. ಅಣ್ಣ ಸುಮ್ಮನಿರುವಾಗ ಆಡ್ತಿದೆ. ಎಣಿಸೋರಾದ್ರೆ ನಡುವೆ ನಿಲ್ಲಿಸಲ್ಲ. ಹಾಡೋರಾದ್ರೆ ಹಾಡಿನ ಜೊತೆಗಿರ್ತಾರೆ. ಇವರು ಅರ್ಧ ಸಾಲು ಮುಂಚೆ ಇದ್ದಾರೆ. ಮುಂಚೆ ಇರೋರು ಹಾಡ್ತಿಲ್ಲ — ಹೇಳಿಕೊಡ್ತಿದ್ದಾರೆ."

ಗುಡುಗಪ್ಪನ ಮುಖ ಕಳೆಗುಂದಿತು.

"ಆ ಗದ್ದಲದಲ್ಲಿ ಮಾತು ಕೇಳಲ್ಲ. ಅದಕ್ಕೇ ಇವರು ಡ್ರಮ್ಸ್ ಹತ್ರದ ಜಾಗ ಬಿಟ್ಟು ಅಣ್ಣನ ಪಕ್ಕಕ್ಕೆ ಬಂದ್ರು. ಅಣ್ಣ ಪ್ರತಿ ಸಾಲಿಗೂ ಮುಂಚೆ ತಮ್ಮನ ತುಟಿ ನೋಡ್ತಾರೆ. ಜನ ಅದನ್ನ ಅಣ್ಣತಮ್ಮಂದಿರ ಪ್ರೀತಿ ಅಂದ್ಕೊಂಡ್ರು. ತಪ್ಪೇನೂ ಅಲ್ಲ." ಅಕ್ಕ ಮೌನಿಯ ಕಡೆ ತಿರುಗಿದಳು. "ಡಬ್ಬಿ ತಗೊಂಡೋರು ನೀವು. ದೂರದ ಕ್ಯಾಮೆರಾ ನಿಮಗೆ ನೆನಪಾಗ್ಲಿಲ್ಲ. ಯಾವತ್ತೂ ಹಿಂದೆ ನಿಂತ ಮನುಷ್ಯ. ಬೇರೆ ಚಿತ್ರದಲ್ಲೂ ತಾನು ಕಾಣ್ತೀನಿ ಅಂತ ನಿಮಗೆ ಹೊಳೀಲೇ ಇಲ್ಲ."

ಮೌನಿ ಎದ್ದುಹೋಗಿ ಬೇಸ್ ಗಿಟಾರಿನ ಪೆಟ್ಟಿಗೆ ತಂದ. ವಾದ್ಯದ ಕತ್ತಿನ ಕೆಳಗೆ, ಹಳೆಯ ಅಂಗಿಯಲ್ಲಿ ಸುತ್ತಿದ ಡಬ್ಬಿ.

"ಸುಡ್ಬೇಕು ಅಂತಾನೇ ತಗೊಂಡೆ" ಎಂದ. "ಕೈ ಬರ್ಲಿಲ್ಲ. ಅಣ್ಣ ಹಾಡಿದ್ದು ಅದು." ಎಡಿಟರ್ ಕಡೆ ತಿರುಗಿ ಕೈ ಜೋಡಿಸಿದ. "ನಿಮ್ಮ ಮೇಲೆ ಬರುತ್ತೆ ಅಂತ ಯೋಚಿಸ್ಲಿಲ್ಲಮ್ಮ. ಇವತ್ತು ಬೆಳಿಗ್ಗೆ ಗೊತ್ತಾದ್ಮೇಲೂ ಬಾಯಿ ಬಿಡ್ಲಿಲ್ಲ. ಅದು ಕಳ್ಳತನಕ್ಕಿಂತ ದೊಡ್ಡ ತಪ್ಪು."

"ನನಗೆ ಹೇಳ್ಬಾರ್ದಿತ್ತೇನೋ?" ಗುಡುಗಪ್ಪನ ದನಿ ಒಡೆಯಿತು. "ಹಿಂದೇನೇ ಕೂತು ಎಣಿಸ್ತಾ ಇದ್ನಲ್ಲೋ, ಕತ್ತೆ ಥರ!"

"ಯಾರಿಗೂ ಹೇಳ್ಬೇಡ ಅಂದಿದ್ದ ಅಣ್ಣ. ಮರೀತಾನೆ ಅಂತ ಗೊತ್ತಾದ್ರೆ ಜನ ಹಾಡು ಕೇಳಲ್ಲ, ಅಯ್ಯೋ ಪಾಪ ಅಂತ ನೋಡೋಕೆ ಬರ್ತಾರೆ ಅಂತ."

ನಿರ್ಮಾಪಕರು ಎಡಿಟರ್ ಮುಂದೆ ನಿಂತು, ಎರಡು ಸಲ ಬಾಯಿ ತೆರೆದು, ಮೂರನೇ ಸಲ "ತಪ್ಪಾಯ್ತು" ಎಂದರು. ಆಮೇಲೆ, "ಆ ಮುಖ ಬೇಡ. ತೆಗೆದುಬಿಡೋಣ" ಎಂದರು.

"ಯಾಕೆ ತೆಗೀಬೇಕು?"

ಅಣ್ಣ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ!

"ಮರೆಯೋನು ನಾನು. ಅದು ನಂಗೇ ಗೊತ್ತು. ಇವನು ಇಷ್ಟು ವರ್ಷ ನನ್ನ ಹಿಂದೆ ನಿಂತ, ಒಂದು ಸಲಾನೂ ಯಾರ ಕಣ್ಣಿಗೂ ಬೀಳ್ಲಿಲ್ಲ. ಈಗ ಬೀಳ್ಲಿ. ಪಾಪ ಅನ್ನೋರು ಅನ್ಲಿ, ಹಾಡಂತೂ ಪೂರ್ತಿ ಇದೆಯಲ್ಲ?"

"ಅಣ್ಣ, ನಾಳೆ ನಿಂಗೆ ಹೀಗಂದಿದ್ದು ನೆನಪಿಲ್ದಿದ್ರೆ..."

"ನೀನು ಹೇಳ್ಕೊಡು."

ಎಡಿಟರ್ ಡಬ್ಬಿ ತೆರೆದು ಚಿತ್ರ ಹಾಕಿದಳು. ದನಿಯಿಲ್ಲ. ಗೋಡೆಯಗಲಕ್ಕೆ ಮೌನಿಯ ಬೆವೆತ ಮುಖ. ಆಗ ನನಗೆ ಹೊಸ್ತಿಲಲ್ಲಿ ಕೂರುತ್ತಿದ್ದ ಅಜ್ಜಿ ನೆನಪಾದಳು. ಅಜ್ಜನ ಕೊನೆಗಾಲದಲ್ಲಿ, ತರಕಾರಿ ಹೆಚ್ಚುತ್ತ, ಅವಳ ತುಟಿಯೂ ಹೀಗೇ ಆಡುತ್ತಿತ್ತು. ಅಜ್ಜಿಯೂ ಪದ್ಯ ಹೇಳಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅಕ್ಕನನ್ನು ನೋಡಿದೆ. ಅವಳು ತಲೆಯಾಡಿಸಿದಳು. ಅವಳಿಗೆ ಆಗಲೇ ಗೊತ್ತಿತ್ತು.

ಪರದೆಯ ಮೇಲೆ ತುಟಿ ಆಡಿ ನಿಂತಿತು. ಕೋಣೆಯಲ್ಲಿ ಅಣ್ಣ ಕಾದರು. ಆಮೇಲೆ, ಆ ಒಡಕು ದನಿಯಲ್ಲಿ, ಮೆಲ್ಲಗೆ—

"ಕಿಟಕಿ ತೆರೆದೇ ಇರಲಿ, ಗಾಳಿಗೆ ಮನೆ ಗೊತ್ತು..."

ಗುಡುಗಪ್ಪನ ಬೆರಳು ಬಾಗಿಲ ಮೇಲೆ ತಾಳ ಹಿಡಿಯಿತು. ಈ ಸಲ ಅವರು ಎಣಿಸುತ್ತಿರಲಿಲ್ಲ.