ಚಿಕ್ಕಪ್ಪನ ಒಂದು ವೋಟು

ಗೂಳಿಯ ಕೈ ನನ್ನ ಹೆಗಲಿಗೆ ಬೀಳಲು ಇನ್ನೊಂದೇ ಗೇಣು!

ಓಡಬೇಕು... ಓಡುವಂತಿಲ್ಲ!

ಅದು ಚಿಪ್ ಫ್ಯಾಕ್ಟರಿಯ ಕ್ಲೀನ್ ರೂಮ್ ಸ್ವಾಮಿ. ಓಡಿದರೆ ಧೂಳು ಏಳುತ್ತದೆ. ಧೂಳೆದ್ದರೆ ಸೈರನ್. ಸೈರನ್ ಆದರೆ ಬಾಗಿಲೆಲ್ಲ ಲಾಕ್! ಹಾಗಾಗಿ ಮುಂದೆ ಒಬ್ಬ ಮುದುಕ, ನಡುವೆ ನಾನು, ಹಿಂದೆ ಗೂಳಿ. ಮೂವರೂ ತುಂಬಿದ ಕೊಡ ಹೊತ್ತವರ ಹಾಗೆ ನಡೆಯುತ್ತಿದ್ದೆವು.

ಗೂಳಿ ಅಂದರೆ ಸೆಕ್ಯುರಿಟಿ ಚೀಫ್. ಕುತ್ತಿಗೆಯೇ ಇಲ್ಲದ ಆಸಾಮಿ.

"ನಿಲ್ಲೋ! ಮೂಳೆ ಪುಡಿ ಮಾಡ್ತೀನಿ!"

"ಇಲ್ಲಿ ಪುಡಿ ಮಾಡಬೇಡಣ್ಣಾ... ಧೂಳಾಗುತ್ತೆ!"

ನಾನು ಖಾಸಗಿ ಪತ್ತೇದಾರ. ಈ ಕೆಲಸ ಕೊಟ್ಟವರು ಕಂಪನಿಯ ಚೇರ್ಮನ್ ಮೇಡಂ. ಮೆಮೊರಿ ಚಿಪ್ ವಿಭಾಗ ನಷ್ಟದಲ್ಲಿದೆ, ಮಾರಿಬಿಡೋಣ ಎಂಬುದು ಅವರ ಹಟ. ಅದನ್ನು ನಡೆಸುವ ಅವರ ತಮ್ಮ, "ನನ್ನ ಹೆಣದ ಮೇಲೆ ಮಾರು" ಅನ್ನುತ್ತಿದ್ದ. ಸಾವಿರಾರು ಜನರ ಅನ್ನದ ಪ್ರಶ್ನೆ. ಬೋರ್ಡಿನಲ್ಲಿ ವೋಟು ಸಮಸಮ. ಸಮವಾದರೆ ಮಾರಾಟ ರದ್ದು. ಉಳಿದದ್ದು ಅವರ ಚಿಕ್ಕಪ್ಪನ ಒಂದು ವೋಟು.

ಮೀಟಿಂಗ್ ದಿನವೇ ಚಿಕ್ಕಪ್ಪ ನಾಪತ್ತೆ!

"ತಮ್ಮನೇ ಬಚ್ಚಿಟ್ಟಿದ್ದಾನೆ. ಹುಡುಕ್ಕೊಂಡು ಬನ್ನಿ," ಅಂದರು ಮೇಡಂ. "ಚಿಕ್ಕಪ್ಪಂಗೆ ನಾನು ಅಂದ್ರೆ ಪ್ರಾಣ."

ಆ ಮುದುಕ ಚಿಕ್ಕಪ್ಪನ ಕಾರು ಮೆಮೊರಿ ಫ್ಯಾಕ್ಟರಿಯ ಹಿಂದೆ ನಿಂತಿತ್ತು. ಬಿಳಿ ಸೂಟೊಂದನ್ನು ಎಗರಿಸಿ ಒಳಗೆ ನುಗ್ಗಿದೆ. ಎಲ್ಲರಿಗೂ ಅದೇ ಸೂಟು, ಅದೇ ಮಾಸ್ಕು. ಕಾಣುವುದು ಕಣ್ಣು ಮಾತ್ರ. ಒಬ್ಬ ಮಾತ್ರ ಯಾವ ಕೆಲಸವೂ ಇಲ್ಲದೆ ಸ್ಟೂಲಿನ ಮೇಲೆ ಕೂತಿದ್ದ.

ಬೋರ್ಡ್ ಡೈರೆಕ್ಟರ್ ಅಲ್ಲದೆ ಇನ್ಯಾರು!

"ನಿಮ್ಮನ್ನ ಕಿಡ್ನ್ಯಾಪ್ ಮಾಡಿದ್ದು ಯಾರು?"

"ಯಾರೂ ಇಲ್ಲ ಕಣಯ್ಯಾ! ಅಕ್ಕ ತಮ್ಮ ಇಬ್ರೂ ಫೋನ್ ಮಾಡಿ ಮಾಡಿ ತಲೆ ತಿಂದ್ರು. ಇಲ್ಲಿ ಫೋನ್ ತರೋ ಹಾಗಿಲ್ಲ... ಆಹಾ, ನೆಮ್ಮದಿ!"

"ವೋಟು ಯಾರಿಗೆ?"

"ನಡಿ, ಅಲ್ಲೇ ಹೇಳ್ತೀನಿ."

ಆಗಲೇ ಗೂಳಿ ಕಂಡದ್ದು. ಮುದುಕ ಅಕ್ಕನ ಪಾರ್ಟಿ ಎಂದು ಹೆದರಿ ತಮ್ಮ ಅವನನ್ನು ಛೂ ಬಿಟ್ಟಿದ್ದ.

ಎದುರಿಗೆ ಏರ್ ಶವರ್! ಮೈಮೇಲಿನ ಧೂಳು ಊದಿ ತೆಗೆಯುವ, ಎರಡು ಬಾಗಿಲಿನ ಗಾಳಿಗೂಡು. ಮುದುಕನನ್ನು ತಳ್ಳಿ ನಾನೂ ನುಗ್ಗಿದೆ. ಬಾಗಿಲು ಗೂಳಿಯ ಮೂಗಿಗೆ ಬಡಿಯಿತು. ನಮಗೆ ಗಾಳಿ ಬೀಸಿ ಮುಗಿಯುವವರೆಗೆ ಅವನಿಗೆ ಅದು ತೆರೆಯದು. ಗಾಜಿನಾಚೆಯಿಂದ ಟಾಟಾ ಮಾಡಿದೆ.

ಹೊರಗೆ ಬಿದ್ದಿದ್ದೇ... ಓಟ!

ಬೋರ್ಡ್ ರೂಮಿನಲ್ಲಿ ಮುದುಕ ಸೂಟಿನಲ್ಲೇ ನಿಂತ.

"ಮಾರೋದು ಬೇಡ."

ಮೇಡಂ ಮುಖ ಬಿಳುಚಿತು. "ಚಿಕ್ಕಪ್ಪಾ! ನಷ್ಟ ನೋಡಿದ್ದೀರಾ?"

"ನೋಡಿದ್ದೀನಮ್ಮಾ. ಮೆಮೊರಿ ರೇಟು ಬೀಳುತ್ತೆ, ಏಳುತ್ತೆ. ಬಿದ್ದಾಗ ಮಾರಿದ್ರೆ, ಎದ್ದಾಗ ಕೊಂಡವನ ಮುಂದೇನೇ ಕೈ ಒಡ್ಡಬೇಕು."

ತಮ್ಮ ತಬ್ಬಿಕೊಳ್ಳಲು ಓಡಿ ಬಂದ.

"ನೀನು ಕೂತ್ಕೊಳೋ! ಬೆಳಗ್ಗೆಯಿಂದ ಒಳಗೆ ಕೂತು ನೋಡಿದೆ. ಅರ್ಧ ಮೆಷಿನ್ನು ಕೆಟ್ಟು ನಿಂತಿವೆ. ರೇಟು ಬಿದ್ದಿದ್ದು ಮಾರ್ಕೆಟ್ಟಿಂದ, ಮೆಷಿನ್ನು ನಿಂತಿದ್ದು ನಿನ್ನಿಂದ! ಇನ್ಮೇಲೆ ಫ್ಯಾಕ್ಟರಿ ನಿಮ್ಮಕ್ಕ ನಡೆಸ್ಲಿ. ಮಾರೋಕೆ ಹೊರಟವಳು ಒಂದ್ಸಲ ನಡೆಸಿ ನೋಡ್ಲಿ."

ಉಳಿದವರ ಕೈಗಳೂ ಮೇಲೆದ್ದವು. ಅಕ್ಕ ತಮ್ಮ ಇಬ್ಬರೂ ಮೊದಲ ಸಲ ಒಂದಾದರು... ನನ್ನನ್ನು ಗುರಾಯಿಸುವುದರಲ್ಲಿ!

"ಏನ್ರೀ ಇದು?" ಮೇಡಂ ಹಲ್ಲು ಕಡಿದರು. "ಹುಡುಕೋಕೆ ಕಳಿಸಿದ್ರೆ..."

"ಹುಡುಕೋಕೆ ಹೇಳಿದ್ದು ಚಿಕ್ಕಪ್ಪನ್ನ, ಮೇಡಂ. ಅವರ ಮನಸ್ಸು ಹುಡುಕೋದು... ಬೇರೆ ಕೇಸು!"