ಎಡಭುಜ ಇಳಿದ ಕೋಟು

ಮಾರ್ಚ್ ಒಂಬತ್ತು, ಬೆಳಿಗ್ಗೆ ಹತ್ತೂಕಾಲು. ಹೆಂಗಸರ ಬಟ್ಟೆ ಹೊಲಿಯುವ ಟೈಲರಮ್ಮ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಮುಂದೆ ಫೋನಿಟ್ಟಳು. ಆಕೆ ಗಿರಾಕಿಯೊಬ್ಬಳ ಎದೆಯಳತೆ ತೆಗೆಯುತ್ತಿರುವ ವಿಡಿಯೊ. ಊರೆಲ್ಲ ಸುತ್ತಿ ಬಂದಿತ್ತು.

“ನನ್ನ ಅಂಗಡಿ ಕ್ಯಾಮೆರಾದ್ದೇ ಸರ್. ಬಟ್ಟೆ ಕಳುವಾಗಬಾರ್ದು ಅಂತ ಹಾಕಿಸಿದ್ದೆ.”

“ಬಿಟ್ಬಿಡಕ್ಕಾ, ಮರ್ಯಾದೆ ಪ್ರಶ್ನೆ,” ಜೊತೆಗೆ ಬಂದಿದ್ದ ತಮ್ಮ ಗೊಣಗಿದ.

“ಯಾರ ಮರ್ಯಾದೆ? ಅಳತೆ ಕೊಟ್ಟೋಳದಾ, ಕದ್ದು ನೋಡಿದೋನದಾ? ಬರ್ಕೊಳ್ಳಿ ಸರ್.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಪಂಚನಾಮೆ ಮಾಡಿ ಕ್ಯಾಮೆರಾ ವಶಕ್ಕೆ ಪಡೆದರು. ಅದನ್ನು ಹಾಕಿದ ಮೆಕ್ಯಾನಿಕ್‌ನನ್ನು ಕರೆಸಿದರು.

“ಪಾಸ್‌ವರ್ಡ್ ಏನು?”

“ಒಂದರಿಂದ ಆರು ಸರ್. ಬೇರೆ ಬೇರೆ ಇಟ್ರೆ ಮರೆತು ನನ್ನ ಪ್ರಾಣ ತಿಂತಾರೆ. ಬೀದಿಗೆಲ್ಲ ಅದೇ.”

ಕಾನ್ಸ್‌ಟೇಬಲ್ ಕೆಮ್ಮಿದ. “ಸರ್, ನಮ್ಮ ಠಾಣೆ ಕ್ಯಾಮೆರಾನೂ ಇವನೇ ಹಾಕಿದ್ದು.”

ತನಿಖೆ ಹತ್ತು ನಿಮಿಷ ನಿಂತಿತು. ಮೊದಲು ಠಾಣೆಯ ಪಾಸ್‌ವರ್ಡ್ ಬದಲಾಯಿತು.

ಕ್ಯಾಮೆರಾದೊಳಗೆ ಯಾರು ಇಣುಕಿದರೆಂದು ಕೇಳಿ ಇಂಟರ್ನೆಟ್ ಕಂಪನಿಗೆ ಬರೆದ ಪತ್ರಕ್ಕೆ ಉತ್ತರವಿಲ್ಲ. ಗಿರಾಕಿಗಳು ಬರುವುದು ನಿಂತಿತು. ಟೈಲರಮ್ಮ ಮಾತ್ರ ಒಂದು ದಿನವೂ ಬಾಗಿಲು ಹಾಕಲಿಲ್ಲ. ಹದಿಮೂರನೇ ತಾರೀಖು ಮತ್ತೆ ಠಾಣೆಗೆ ಬಂದಳು.

“ನನಗೆ ಕೆಲಸ ಕಲಿಸಿದ ಮಾಸ್ಟ್ರ ಅಂಗಡಿ ನಮ್ಮ ಬೀದೀಲೇ ಇದೆ, ಅದರ ಗಾಜಲ್ಲಿ ಒಂದು ಕೋಟು ಇದೆ ಸರ್. ಎಡಭುಜ ಇಳಿದಿದೆ. ನನ್ನೊಬ್ಬ ಗಿರಾಕಿಗೆ ಭುಜ ವಾರೆ. ಅವಳಿಗೆ ಅಂತ ಅರ್ಧ ಇಂಚು ಇಳಿಸಿ ಕತ್ತರಿಸಿದ್ದೆ. ಆ ಕೋಟು ಇನ್ನೂ ನನ್ನ ಮೇಜು ಬಿಟ್ಟು ಹೋಗಿಲ್ಲ. ಮಾಸ್ಟ್ರು ಅದನ್ನೆಲ್ಲಿ ನೋಡಿದ್ರು?”

ಕಾನ್ಸ್‌ಟೇಬಲ್ ಹೋಗಿ ಟೇಪು ಹಿಡಿದ. ಸರಿಯಾಗಿ ಅರ್ಧ ಇಂಚು. ಕೋಟು ತೊಟ್ಟ ಗೊಂಬೆಗೆ ಭುಜ ವಾರೆ ಇರಲಿಲ್ಲ. ಮಾಸ್ಟ್ರ ಫೋನಿನಲ್ಲಿ ಟೈಲರಮ್ಮನ ಅಂಗಡಿಯ ದೃಶ್ಯಗಳು ಸಿಕ್ಕವು, ವಿಡಿಯೊ ಮೊದಲು ಹೊರಟದ್ದೂ ಅಲ್ಲಿಂದಲೇ. ಸಂಜೆ ಐದು ನಲವತ್ತಕ್ಕೆ ಬಂಧನ.

“ಯಾಕೆ ಮಾಸ್ಟ್ರೇ?” ಇನ್‌ಸ್ಪೆಕ್ಟರ್ ಕೇಳಿದರು.

“ಕತ್ತರಿ ಹಿಡಿಯೋದು ಕಲಿಸಿದ್ದೇ ನಾನು. ಗಿರಾಕಿಗಳೆಲ್ಲ ಅವಳ ಹತ್ರ ಹೋದ್ರು. ನನ್ನ ಕ್ಯಾಮೆರಾ ಪಾಸ್‌ವರ್ಡೇ ಅವಳದಕ್ಕೂ ಆಯ್ತು. ನಾನು ಕಲಿಸದೇ ಇರೋದು ಏನಿದೆ ಅವಳ ಕೈಲಿ ಅಂತ ಎರಡು ತಿಂಗಳು ನೋಡಿದೆ. ಗೊತ್ತಾಗ್ಲಿಲ್ಲ. ಹೊಟ್ಟೆ ಉರೀತು, ವಿಡಿಯೊ ಊರಿಗೆ ಬಿಟ್ಟೆ.”

ಬಾಗಿಲಲ್ಲಿದ್ದ ಟೈಲರಮ್ಮನ ಕಣ್ಣು ತುಂಬಿತು, ದನಿ ನಡುಗಲಿಲ್ಲ. “ಬಂದು ಕೇಳಿದ್ರೆ ಹೇಳ್ತಿದ್ದೆ ಮಾಸ್ಟ್ರೇ. ಇನ್ನು ಕೋರ್ಟಲ್ಲೇ ಮಾತು.”

ಮರುದಿನ ಒಂಬತ್ತಕ್ಕೆ ಅಂಗಡಿ ತೆರೆಯಿತು. ಮೊದಲು ಬಂದವಳು ಆ ವಿಡಿಯೊದಲ್ಲಿದ್ದ ಹೆಂಗಸು. ಬೀದಿಯವರೆಲ್ಲ ನೋಡುತ್ತಿದ್ದಂತೆ ಒಳಗೆ ಬಂದು ಎರಡೂ ಕೈ ಅಗಲಿಸಿ ನಿಂತಳು.

“ಹಳೇ ಅಳತೆ ಊರಿಗೆಲ್ಲ ಗೊತ್ತಾಯ್ತಲ್ಲ. ಹೊಸದು ತಗೊಳ್ಳಿ.”