ಅಪ್ಪ ತೋರಿಸಿದ ಜಾಗ

ನಂಬದಿದ್ದರೆ ಬಿಡಿ, ಆ ನಕ್ಷೆ ಇವತ್ತಿಗೂ ನನ್ನ ಮನೆಯಲ್ಲಿದೆ.

ನಮ್ಮ ಮಿನೆಸೋಟದಲ್ಲಿ ಮೀನು ಹಿಡಿಯುವ ಕಾಲ ಶುರುವಾಗುವುದು ಮೇ ತಿಂಗಳಲ್ಲಿ. ಏಪ್ರಿಲ್‌ನ ಒಂದು ಮಧ್ಯಾಹ್ನ ಅಣ್ಣ ಹಾರ್ಲನ್ ಸರೋವರದ ಹೊಸ ನಕ್ಷೆ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದ. ಹಿಂದಿನ ವರ್ಷ ಭಾವ ಡೆಲ್ಮರ್ ನಮ್ಮ ದೋಣಿಯಿಂದ ಬಿದ್ದು ಮುಳುಗಿದ್ದು ಅಪ್ಪ ತೋರಿಸಿದ ಜಾಗದಲ್ಲಿ. ಒಳ್ಳೆ ಮೀನು ಸಿಗುವ ಆ ಜಾಗವನ್ನು ನಾವು ಯಾರಿಗೂ ಹೇಳಿದವರಲ್ಲ. ಹುಡುಕಲು ಬಂದವರಿಗೂ ಅಣ್ಣ ಬೇರೆ ಕಡೆ ಕೈ ತೋರಿಸಿದ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಒಂಬತ್ತು ದಿನ ಹುಡುಕಿದರೂ ಹೆಣ ಸಿಗಲಿಲ್ಲ. ಮೀನಿನ ಆಸೆಗೆ ಹೆಣವನ್ನೂ ಬಚ್ಚಿಟ್ಟವರು ನಾವು.

"ಈ ಸಲವೂ ಅಲ್ಲಿಗೇ ಹೋಗೋಣ," ಅಂದ ಅಣ್ಣ.

ನಕ್ಷೆಯಲ್ಲಿ ಅದೇ ಜಾಗ ಉಗುರಿನಷ್ಟು ಒದ್ದೆಯಾಗಿತ್ತು. ಒರೆಸಿದೆ. ಮತ್ತೆ ನೀರು ಜಿನುಗಿತು. ಬೆರಳು ಮರಗಟ್ಟುವಷ್ಟು ತಣ್ಣಗಿತ್ತು.

"ಕಾಫಿ ಚೆಲ್ಲಿದೆಯೇನೋ, ದಡ್ಡ?"

"ಕಾಫಿ ಇನ್ನೂ ಬಂದೇ ಇಲ್ಲ ಕಣಣ್ಣ."

ಅಷ್ಟರಲ್ಲಿ ಡೆಲ್ಮರನ ಹೆಂಡತಿ, ನಮ್ಮಕ್ಕ ಸೋಲ್ವೆಗ್, ಕಾಫಿ ತಂದಳು.

"ಅವರು ಬಿದ್ದಿದ್ದು ಎಲ್ಲಿ, ತೋರಿಸ್ರೋ," ಅಂದಳು.

ಅಣ್ಣ ಹಳೇ ಸುಳ್ಳಿನ ಮೇಲೆಯೇ ಬೆರಳಿಟ್ಟ. ಅಕ್ಕ ಅತ್ತ ನೋಡಲಿಲ್ಲ. ಒದ್ದೆಯನ್ನು ಮುಟ್ಟಿ, ಬೆರಳನ್ನು ಮೂಸಿದಳು.

"ಇದು ಅವರ ಹೊಗೆಸೊಪ್ಪಿನ ವಾಸನೆ ಕಣ್ರೋ."

ಅದಾಗಿ ಆರು ವರ್ಷ. ಅಕ್ಕ ನಮ್ಮ ಜೊತೆ ಮಾತಾಡಿಲ್ಲ, ನಾವೂ ನಿಜ ಹೇಳಿಲ್ಲ. ನಕ್ಷೆಯನ್ನು ಒಲೆಯ ಮೇಲೇ ತೂಗುಹಾಕಿದ್ದೇನೆ. ಆ ಉಗುರಿನಷ್ಟು ಜಾಗ ಇನ್ನೂ ಒಣಗಿಲ್ಲ.